ಎರಡು ಊರಿಗೆ ಒಂದ ನಾಯಿ ಕೇಂದ್ರ: ನಮ್ಮ ಗೌರಿ ಹೋಗಿ ಬಂದ ಮ್ಯಾಲೆ ನನ್ನ ರಿವ್ಯೂ (5ಕ್ಕ 3.5)

ನಮ್ದು ಕೊಪ್ಪಳ ಜಿಲ್ಲೆದಾಗ ಒಂದು ಸಣ್ಣ ಪಟ್ಟಣ ಪಂಚಾಯಿತಿ ಊರು, ಬಸ್‌ಸ್ಟ್ಯಾಂಡ್ ಹಿಂದಿನ ಓಣಿದಾಗ ನಂದೊಂದು ಖಾನಾವಳಿ ಐತಿ. ಅದ ಓಣಿದಾಗ ಗೌರಿ ಅಂತ ಒಂದು ಹೆಣ್ಣುನಾಯಿ, ಕಂದುಬಣ್ಣ, ಎದಿ ಮ್ಯಾಲೆ ಬಿಳಿ ಮಚ್ಚಿ, ನಾಕು ವರ್ಷದಿಂದ ಉಳಿದ ರೊಟ್ಟಿ ಅನ್ನ ನಾವ ಹಾಕ್ತೀವಿ. ಹೋದ ವರ್ಷ ಎರಡು ಸಲ ಮರಿ ಹಾಕಿದ್ಲು, ಮೊದಲ ಸಲ ಆರು, ಎರಡನೇ ಸಲ ಐದು, ಹನ್ನೊಂದರಾಗ ಇವತ್ತು ಜೀವಂತ ಇರೂದು ಎರಡ. ಉಳಿದವು ಗಾಡಿ ಗಾಲಿಗೆ ಸಿಕ್ಕು, ವಾಂತಿ ಭೇದಿ ಆಗಿ, ಒಂದಂತೂ ಚಳಿಗೆ ನಮ್ಮ ಒಲಿ ಬೂದಿದಾಗ ಮಲಗಿದ್ದು ಮುಂಜಾನಿ ಏಳಲೇ ಇಲ್ಲ. ಅವತ್ತ ನಿರ್ಧಾರ ಮಾಡಿದೆ, ಇವಳಿಗೆ ಮರಿ ಆಗದಂಗ ಆಪರೇಷನ್ ಮಾಡಸಬೇಕು ಅಂತ.

ಹಳ್ಳದ ಆಚೆ ಪುರಸಭೆ ಊರು ಐತಿ, ಎರಡೂ ಊರು ಈಗ ಮನಿ ಕಟ್ಟಿ ಕಟ್ಟಿ ಕೂಡೇಬಿಟ್ಟಾವ, ನಡುವ ಬರೇ ಒಂದು ಸೇತುವೆ. ಆ ಪುರಸಭೆ ಮತ್ತ ನಮ್ಮ ಪಂಚಾಯಿತಿ ಸೇರಿ, ಬೀದಿನಾಯಿ ಹಿಡದು ಆಪರೇಷನ್, ಲಸಿಕಿ ಮಾಡಿ ವಾಪಸ್ ಬಿಡೋ ಒಂದ ನಾಯಿ ಕೇಂದ್ರ ನಡಸಾಕತ್ತಾವ, ಪ್ರಾಯೋಗಿಕ ಅಂತ ಒಂದು ವರ್ಷಕ್ಕ. ಈಗ ವರ್ಷ ಮುಗಿಯಾಕ ಬಂತು, ಮುಂದುವರಸೂದಾ ಬ್ಯಾಡಾ, ಆಜುಬಾಜು ಎರಡು ಗ್ರಾಮ ಪಂಚಾಯಿತಿನೂ ಸೇರಿಸಿಕೊಳ್ಳೂದಾ ಅಂತ ಮಾತು ನಡದೈತಿ. ಅದಕ್ಕ ಇದನ್ನ ಬರೀತಿದ್ದೀನಿ. ಊರಿನ ಹೆಸರು, ನಡಸೋ ಸಂಸ್ಥೆ ಹೆಸರು ಹಾಕಿಲ್ಲ, ಯಾಕಂದ್ರ ತಪ್ಪು ಆಗಿದ್ದನ್ನೂ ಬರೀಬೇಕು ನಾನು, ಅದರಿಂದ ಗಾಡಿ ಹುಡುಗರ ಕೆಲಸಕ್ಕ ಕುತ್ತು ಬರಬಾರದು. ನಮ್ಮ ಕಡೆಯವರಿಗೆ ಯಾವುದು ಅಂತ ಗೊತ್ತಾಗೇ ಆಗತೈತಿ.

ಮೊದಲು ಫೋನಿನ ವಿಷಯ, ಯಾಕಂದ್ರ ನನಗ ಭಾಳ ಬ್ಯಾಸರ ಆಗಿದ್ದು ಇಲ್ಲೆ. ಪಂಚಾಯಿತಿಗೆ ಫೋನ್ ಮಾಡಿದ್ರ ಅದು ಈಗ ಕೇಂದ್ರದವರ ಕೆಲಸ ಅಂದ್ರು, ಕೇಂದ್ರಕ್ಕ ಮಾಡಿದ್ರ ನಿಮ್ಮ ಪಂಚಾಯಿತಿಯಿಂದ ವಾರ್ಡ್ ಪಟ್ಟಿ ಬರಬೇಕ್ರಿ ಅಕ್ಕಾರ, ಪಟ್ಟಿ ಬಂದ ಮ್ಯಾಲೆ ಗಾಡಿ ಕಳಸ್ತೀವಿ ಅಂದ್ರು, ಮತ್ತ ಪಂಚಾಯಿತಿಗೆ ಹೋದ್ರ ಪಟ್ಟಿ ಬರಿಯೋ ಆರೋಗ್ಯ ನಿರೀಕ್ಷಕರು ರಜಾದ ಮ್ಯಾಲೆ ಅದಾರ. ಹಿಂಗ ಹನ್ನೊಂದು ದಿನ ಹೋತು. ನಾಯಿ ಗರ್ಭ ಎರಡ ತಿಂಗಳು, ಸುಮಾರು 63 ದಿನ ಅಷ್ಟ, ಅದರಾಗ ಹನ್ನೊಂದು ದಿನ ಪಟ್ಟಿಗೆ ಹೋದ್ರ ಏನು ಉಳೀತು ಹೇಳ್ರಿ. ಹಳ್ಳದ ಆಚೆ ನನ್ನ ತಂಗಿ ಮನಿ ಐತಿ, ಆಕಿ ಓಣಿಗೆ ಫೋನ್ ಮಾಡಿದ ಎರಡನೇ ದಿನಕ್ಕ ಗಾಡಿ ಬಂದಿತ್ತು. ಕೇಂದ್ರ ಒಂದ, ಗಾಡಿ ಒಂದ, ಆದ್ರ ಆಚೆ ದಂಡಿಗೆ ಎರಡು ದಿನ, ಈಚೆ ದಂಡಿಗೆ ಹನ್ನೊಂದು ದಿನ. ದುಡ್ಡು ಮಾತ್ರ ಎರಡೂ ಊರಿಂದ ಹೋಗತೈತಿ.

ಗಾಡಿ ಬಂದ ದಿನದ ಬಗ್ಗೆ ಒಳ್ಳೇದ ಹೇಳಬೇಕು. ಇಬ್ಬರು ಹುಡುಗ್ರು, ಒಬ್ಬ ರಾಯಚೂರ ಕಡೆಯವ. ಮುಂಜಾನಿ ಆರಕ್ಕ ಬಂದ್ರು, ಮಂದಿ ಓಡಾಟ ಶುರುವಾಗೂದ್ರೊಳಗ. ನಾನು ಹೆದರಿದ್ದೆ, ಸಣ್ಣಾಕಿ ಇದ್ದಾಗ ನಮ್ಮೂರಾಗ ನಾಯಿ ಹಿಡಿಯೋದು ಅಂದ್ರ ತಂತಿ ಕುಣಿಕಿ ಹಾಕಿ ದರದರ ಎಳಕೊಂಡು ಹೋಗೂದು ನೋಡಿದ್ದೆ, ಆ ದನಿ ಇನ್ನೂ ಕಿವ್ಯಾಗ ಐತಿ. ಇವರು ಹಂಗ ಮಾಡಲಿಲ್ಲ. ಅಕ್ಕಾರ ನೀವ ಕರೀರಿ, ನಿಮ್ಮ ಕೈಗೆ ಬರ್ತಾಳ ಅಂದ್ರು, ನಾ ಕರದೆ, ಗೌರಿ ಬಂದ್ಲು, ಮೆತ್ತಗ ಪಟ್ಟಿ ಹಾಕಿ ಎತ್ತಿಕೊಂಡ್ರು. ಬಲೆ ಹಾಕಿದ್ದು ಬರೇ ಒಂದ ಗಂಡುನಾಯಿಗೆ, ಅದು ಯಾರ ಕೈಗೂ ಬರೂದಿಲ್ಲ. ಮೊಲಿ ಜೋತುಬಿದ್ದ ಇನ್ನೊಂದು ಕರಿನಾಯಿ ಇತ್ತು, ಅದನ್ನ ಮುಟ್ಟಲಿಲ್ಲ, ಮರಿ ಹಾಲು ಬಿಡೋ ತನಕ ತಾಯಿನ ಒಯ್ಯಂಗಿಲ್ರಿ ಅಂದ್ರು. ರಾತ್ರಿ ಏನೂ ಹಾಕಬ್ಯಾಡ್ರಿ ಅಂತ ಹಿಂದಿನ ದಿನ ಫೋನ್ ಮಾಡಿ ಹೇಳಿದ್ರು, ಅರಿವಳಿಕೆ ಕೊಟ್ಟಾಗ ವಾಂತಿ ಆಗಿ ಉಸಿರಿಗೆ ಸಿಗಬಾರದು ಅಂತ.

ಒಂದ ಒಂದು ವಿಷಯ ಆವಾಗ ನನ್ನ ತಲಿಗೆ ಹೊಳೀಲಿಲ್ಲ. ಹುಡುಗ ಬುಕ್‌ನ್ಯಾಗ ಬರಕೊಂಡಿದ್ದು "ಹೆಣ್ಣು, ಕಂದು, ಬಸ್‌ಸ್ಟ್ಯಾಂಡ್". ಅಷ್ಟ. ಯಾವ ಊರಿನ ಬಸ್‌ಸ್ಟ್ಯಾಂಡ್ ಅಂತ ಇಲ್ಲ, ಫೋಟೋ ಇಲ್ಲ, ನನ್ನ ಫೋನ್ ನಂಬರ್ ಇಲ್ಲ.

ಮೂರನೇ ದಿನ ನೋಡಾಕ ಹೋದೆ, ಪಕ್ಕದ್ಮನಿ ಹುಡುಗನ ಬೈಕ್ ಮ್ಯಾಲೆ. ಆಚೆ ಊರು ದಾಟಿ ಆರು ಕಿಲೋಮೀಟರ್, ಕಸ ಹಾಕೋ ಜಾಗದ ಬಾಜು. ಕಸದ ವಾಸನಿ ಬಂತು ಬಿಟ್ರ ಕೇಂದ್ರದ ಒಳಗ ಬರೇ ಫಿನಾಯಿಲ್ ವಾಸನಿ, ಇದು ದೊಡ್ಡ ಮಾತು, ಅರವತ್ತು ನಾಯಿ ಇರೋ ಜಾಗ ಹಂಗ ಇಡಬೇಕಂದ್ರ ದಿನಾ ಎರಡು ಸಲ ತೊಳೀಬೇಕು. ಗೂಡು ಒಂದೊಂದೂ ಬ್ಯಾರೆ ಬ್ಯಾರೆ, ನೆಲ ಸ್ವಲ್ಪ ಇಳಿಜಾರು, ನೀರು ನಿಲ್ಲೂದಿಲ್ಲ. ಆಪರೇಷನ್ ಆದವು ಒಂದು ಕಡೆ, ಹೊಸದಾಗಿ ಬಂದವು ಇನ್ನೊಂದು ಕಡೆ, ಕಚ್ಚಿದ್ದು ಅಂತ ದೂರು ಬಂದ ನಾಯಿ ಎರಡಿದ್ದು, ಅವನ್ನ ದೂರ ಬ್ಯಾರೆನ ಇಟ್ಟಿದ್ರು. ಗ್ವಾಡಿ ಮ್ಯಾಲೆ ಬೋರ್ಡ್, ಅವತ್ತಿನ ಆಪರೇಷನ್ 14 ಅಂತ ಬರದಿತ್ತು. ಲಸಿಕಿ ಇಡೋ ಫ್ರಿಜ್ ತೋರಿಸಿದ್ರು ಡಾಕ್ಟರ್ ಮೇಡಂ, ಎರಡರಿಂದ ಎಂಟು ಡಿಗ್ರಿ ಒಳಗ ಇರಬೇಕಂತ, ಕರೆಂಟ್ ಹೋದ್ರ ಬ್ಯಾಟರಿ ಐತಿ, ಮುಂಜಾನಿ ಸಂಜಿ ಡಿಗ್ರಿ ಬರದಿಟ್ಟ ಹಾಳಿ ಫ್ರಿಜ್ ಬಾಗಿಲಿಗೇ ಅಂಟಿಸಿದ್ರು.

ಗೌರಿ ಮೂಲ್ಯಾಗ ಕುಂತಿದ್ಲು. ನನ್ನ ನೋಡಿ ಎದ್ದು ಬಂದು ಜಾಲರಿಗೆ ಮೂತಿ ಹಚ್ಚಿದ್ಲು. ಹೊಟ್ಟಿ ಬಾಜು ಸಣ್ಣ ಹೊಲಿಗಿ, ಎರಡು ಬೆರಳು ಅಗಲ ಅಷ್ಟ, ಬಾವು ಇಲ್ಲ. ಕಿವಿ ತುದಿ ಸ್ವಲ್ಪ ಕತ್ತರಿಸಿದ್ರು, ಅದು ಗುರುತು, ಆಪರೇಷನ್ ಆಗೈತಿ ರೇಬೀಸ್ ಲಸಿಕಿ ಆಗೈತಿ ಅಂತ ದೂರದಿಂದ ತಿಳೀಲಿ ಅಂತ, ಅರಿವಳಿಕೆ ಒಳಗ ಇದ್ದಾಗಲೇ ಮಾಡ್ತಾರ, ನೋವು ಆಗೂದಿಲ್ಲ. ಓಣಿ ಮಂದಿ ಕಿವಿ ಕತ್ತರಿಸಿದ ನಾಯಿ ನೋಡಿ ಯಾರೋ ಹೊಡದಾರ ಅಂತ ತಿಳ್ಕೋತಾರ, ಹಂಗಲ್ಲ ಅದು.

ಅಲ್ಲೆ ಒಬ್ಬ ಅಜ್ಜ ಅದಾನ, ಊಟ ಹಾಕೋ ಕೆಲಸ. ಅನ್ನಕ್ಕ ಕೋಳಿ ಕಾಲು ತಲಿ ಹಾಕಿ ಕುದಿಸಿ ಆರಿಸಿ ಕೊಡ್ತಾನ. ತಿನ್ನಲಾರದ ನಾಯಿ ಹತ್ರ ಕುಂತು ಕೈಲೆ ತಿನಿಸ್ತಾನ. ಗೌರಿ ಮೊದಲ ದಿನ ತಿನ್ನಲಿಲ್ಲವಂತ, ಅಜ್ಜ ತನ್ನ ಬುತ್ತಿ ರೊಟ್ಟಿ ಮುರದು ಕೊಟ್ಟಾಗ ತಿಂದ್ಲಂತ. ಯವ್ವಾ, ನಿನ್ನ ನಾಯಿ ರೊಟ್ಟಿ ರೂಢಿ ಐತಿ ಅಲ್ಲ ಅಂತ ಕೇಳಿದ, ನನಗ ಕಣ್ಣಾಗ ನೀರು ಬಂತು. ಈ ಕೇಂದ್ರಕ್ಕ ನಾ ಕೊಟ್ಟ ಮಾರ್ಕಿನಾಗ ಒಂದು ಪೂರ್ತಿ ಈ ಅಜ್ಜನ್ದು.

ಕೊರತಿ ಕಂಡಿದ್ದು ತಗಡಿಂದು. ಮ್ಯಾಲೆ ಬರೇ ತಗಡು, ನಾ ಹೋಗಿದ್ದು ಏಪ್ರಿಲ್ ಮಧ್ಯಾಹ್ನ, ನಮ್ಮ ಕಡೆ ಬಿಸಲು ಗೊತ್ತೈತಲ್ಲ, ನಲವತ್ತರ ಮ್ಯಾಲೆ. ಫ್ಯಾನ್ ಇದ್ದಾವ, ಬಿಸಿಗಾಳಿ ತಿರುಗಸ್ತಾವ. ತಗಡಿನ ಮ್ಯಾಲೆ ಜೋಳದ ಸೊಪ್ಪಿ ಇಲ್ಲಾ ತೆಂಗಿನ ಗರಿ ಹಾಸಿದ್ರ ಎಷ್ಟೋ ತಂಪು ಆಗತೈತಿ, ನಮ್ಮ ದನದ ಕೊಟ್ಟಿಗಿಗೆ ಎಲ್ಲಾರೂ ಮಾಡ್ತೀವಿ, ಅದಕ್ಕ ಟೆಂಡರ್ ಬೇಕಿಲ್ಲ.

ಮೇಡಂ ಹತ್ರ ಕೇಳಿದೆ, ಎರಡು ಊರು ಯಾಕ ಸೇರಬೇಕು, ನಮ್ಮೂರಿಗೆ ನಮ್ದ ಇದ್ದಿದ್ರ ಚಲೋ ಅಲ್ಲೇನ್ರಿ ಅಂತ. ಅವ್ರು ಹೇಳಿದ್ದು ನನಗ ಪೂರ್ತಿ ಒಪ್ಪಿಗಿ ಆತು. ಆಪರೇಷನ್ ಟೇಬಲ್, ಸಾಮಾನು ಕುದಿಸೋ ಮಷಿನ್, ಫ್ರಿಜ್, ಗಾಡಿ, ಡಾಕ್ಟರ್ ಇವೆಲ್ಲ ನಾಯಿ ಇನ್ನೂರು ಇದ್ರೂ ಬೇಕು ಎರಡು ಸಾವಿರ ಇದ್ರೂ ಬೇಕು. ಸಣ್ಣ ಊರು ಒಂದ ಮಾಡಾಕ ಹೋದ್ರ ಏನಾಗತೈತಿ, ಯಾವಾಗರ ಒಂದು ಸಲ ಟೆಂಡರ್ ಕರೀತಾರ, ಹದಿನೈದು ದಿನ ಹಿಡೀತಾರ, ಫೋಟೋ ಹೊಡಸ್ಕೋತಾರ, ನಿಲ್ಲಸ್ತಾರ. ಉಳಿದ ಹೆಣ್ಣುನಾಯಿ ವರ್ಷಕ್ಕ ಎರಡು ಸಲ ಮರಿ ಹಾಕಿ ಮತ್ತ ಅಷ್ಟ ಆಗ್ತಾವ. ಲಸಿಕಿನೂ ಹಂಗ, ಊರಾಗಿನ ನೂರು ನಾಯಿಗೆ ಎಪ್ಪತ್ತಕ್ಕ ಬಿದ್ರ ರೇಬೀಸ್ ಹರಡೂದು ನಿಲ್ಲತೈತಿ, ಆದ್ರ ವರ್ಷಾ ವರ್ಷಾ ಬೀಳಬೇಕು. ಮತ್ತ ನಾವು ಒಬ್ಬರ ಮಾಡಿದ್ವಿ, ಆಚೆ ಊರು ಮಾಡಲಿಲ್ಲ ಅಂದ್ರ ಸೇತುವೆ ಮ್ಯಾಲೆ ಯಾರು ನಿಂತು ನಾಯಿ ತಡೀತಾರ? ಕಸ ಎಲ್ಲಿ ಬಿದ್ದಿರತೈತಿ ಅಲ್ಲಿಗೆ ಬರ್ತಾವ.

ಪ್ರಾಣಿಗಳ ಕೆಲಸ ಊರಿನ ಆಡಳಿತದ್ದ ಅಂತ ಸಂವಿಧಾನದ ಹನ್ನೆರಡನೇ ಅನುಸೂಚಿದಾಗನ ಐತಿ, ದನದ ದೊಡ್ಡಿ ಮತ್ತ ಪ್ರಾಣಿ ಹಿಂಸೆ ತಡೆ ಅಂತ ಒಂದು ಸಾಲು. ನಮ್ಮ ಮುತ್ಯಾನ ಕಾಲದಾಗ ಕೊಂಡವಾಡ ಇರ್ತಿದ್ವು, ಬ್ಯಾರೆಯವರ ಹೊಲಕ್ಕ ಬಿದ್ದ ದನ ಕೊಂಡವಾಡಕ್ಕ ಹಾಕೂದು, ದಂಡ ಕಟ್ಟಿ ಬಿಡಿಸ್ಕೊಂಡು ಬರೂದು. ಒಂದು ಕೊಂಡವಾಡಕ್ಕ ಸುತ್ತಲ ಹಳ್ಳಿ ದನ ಬರ್ತಿದ್ವು, ಯಾವ ದನ ಯಾರ್ದು, ಯಾವ ಹೊಲದಿಂದ ಬಂತು ಅಂತ ಅವತ್ತ ಬರಕೋತಿದ್ರು ಅಂತ ಮುತ್ಯಾ ಹೇಳ್ತಿದ್ದ. ಅಂದ್ರ ಊರು ಊರು ಕೂಡಿ ಪ್ರಾಣಿ ನೋಡ್ಕೊಳ್ಳೂದು ನಮಗ ಹೊಸದಲ್ಲ, ಬರಕೊಳ್ಳೂದೂ ಹೊಸದಲ್ಲ.

ಈಗ ತಪ್ಪಿಗೆ ಬರ್ತೀನಿ. ಆರನೇ ದಿನ ಬಿಡ್ತೀವಿ ಅಂದಿದ್ರು. ಆರನೇ ದಿನ ನಾನು ಮುಂಜಾನಿಯಿಂದ ಬಾಗಲಾಗ ಕುಂತೆ, ಗಾಡಿ ಬರಲಿಲ್ಲ. ಸಂಜಿ ಫೋನ್ ಮಾಡಿದೆ, ಬಿಟ್ಟೀವಿ ಅಕ್ಕಾರ, ಮುಂಜಾನಿನ ಬಿಟ್ಟೀವಿ ಅಂದ್ರು. ಎಲ್ಲಿ ಅಂದೆ. ಬಸ್‌ಸ್ಟ್ಯಾಂಡ್ ಹತ್ರ. ಯಾವ ಬಸ್‌ಸ್ಟ್ಯಾಂಡ್ ಅಂದೆ, ಆ ಕಡೆ ಸುಮ್ಮನಾದ್ರು. ಹಳ್ಳದ ಆಚೆ ಊರಿನ ಬಸ್‌ಸ್ಟ್ಯಾಂಡ್ ಹಿಂದ ಬಿಟ್ಟಿದ್ರು. ಅಲ್ಲಿ ಮಟನ್ ಅಂಗಡಿ ಸಾಲು, ಆ ಸಾಲಿಗೆ ಎಂಟತ್ತು ನಾಯಿ ಅದಾವ, ಹೊಸ ನಾಯಿ ಕಾಲಿಡಾಕ ಬಿಡೂದಿಲ್ಲ. ಹೊಟ್ಟಿ ಹೊಲಿಗಿ ಇನ್ನೂ ಹಸಿ ಇರೋ ಹೆಣ್ಣುನಾಯಿ.

ಆ ರಾತ್ರಿ, ಮರುದಿನ, ಅದರ ಮರುದಿನ ಹುಡುಕಿದ್ವಿ. ಖಾನಾವಳಿ ಮಧ್ಯಾಹ್ನ ಬಂದ್ ಮಾಡಿ ಹೋಗಿದ್ದೀನಿ. ಕೇಂದ್ರದ ರಾಯಚೂರ ಹುಡುಗನೂ ಬಂದ, ಡ್ಯೂಟಿ ಮುಗಿದ ಮ್ಯಾಲೆ ತನ್ನ ಬೈಕ್ ತಗೊಂಡು, ಇದನ್ನ ಹೇಳಲೇಬೇಕು. ಎರಡನೇ ದಿನ ರಾತ್ರಿ ನನ್ನ ತಂಗಿ ಫೋನ್ ಮಾಡಿದ್ಲು, ಅಕ್ಕ, ಸೇತುವೆ ಕೆಳಗ ಪೈಪಿನ್ಯಾಗ ಒಂದು ನಾಯಿ ಐತಿ ಬಾ ಅಂತ. ಹೋಗಿ ಗೌರೀ ಅಂದೆ, ಬಾಲ ಅಲ್ಲಾಡಿದ್ದು ಕೇಳಿಸ್ತು, ಕಾಣಲಿಲ್ಲ, ಕೇಳಿಸ್ತು. ಹಿಂದಿನ ಕಾಲು ಕಚ್ಚಿಸ್ಕೊಂಡಿದ್ಲು, ಹೊಲಿಗಿ ಒಂದು ಬಿಚ್ಚಿತ್ತು. ಆ ಕಡೆಯಿಂದ ಮನಿಗೆ ಬರೂ ದಾರಿ ಹುಡುಕ್ಕೊಂಡು ಸೇತುವೆ ತನಕ ಬಂದಿದ್ಲು ಅವಳು. ಮತ್ತ ಕೇಂದ್ರಕ್ಕ ಒಯ್ದ್ವಿ, ಮೇಡಂ ರಾತ್ರಿ ಒಂಬತ್ತಕ್ಕ ಬಂದು ಹೊಲಿಗಿ ಹಾಕಿದ್ರು, ಬೋರ್ಡ್ ಪ್ರಕಾರ ಕೇಂದ್ರ ಸಂಜಿ ಐದಕ್ಕ ಬಂದ್. ನನ್ನ ಮುಂದ ಕೈ ಮುಗದು ತಪ್ಪಾತು ಅಕ್ಕಾರ ಅಂದ್ರು. ನಾನು ಸಿಟ್ಟು ಮಾಡ್ಕೊಂಡೇ ಹೋಗಿದ್ದೆ, ಆದ್ರ ಆ ಮಾತಿಗೆ ಮಾತು ಬರಲಿಲ್ಲ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮದಾಗ ಸ್ಪಷ್ಟ ಐತಿ, ಎಲ್ಲಿಂದ ಹಿಡದ್ರೋ ಅಲ್ಲೇ ಬಿಡಬೇಕು ಅಂತ. ಇದು ನಾಯಿ ಮ್ಯಾಲಿನ ಕರುಣೆಗೆ ಅಷ್ಟ ಅಲ್ಲ, ಮಂದಿಗೂ ಬೇಕು, ಯಾಕಂದ್ರ ಗೊತ್ತಿಲ್ಲದ ಜಾಗದಾಗ ಬಿಟ್ಟ ನಾಯಿ ಹೆದರಿ ಕಚ್ಚತೈತಿ, ಅದರ ಖಾಲಿ ಜಾಗಕ್ಕ ಲಸಿಕಿ ಇಲ್ಲದ ಹೊಸ ನಾಯಿ ಬರತೈತಿ. ಅದರ ಮ್ಯಾಲೆ ಈಗ ಸುಪ್ರೀಂ ಕೋರ್ಟ್ ಆದೇಶ ಬ್ಯಾರೆ. 2025ರ ಆಗಸ್ಟ್ 22ರ ಆದೇಶ ಬೀದಿನಾಯಿ ಆಪರೇಷನ್, ಲಸಿಕಿ ಮಾಡಿ ಅದ ಜಾಗಕ್ಕ ಬಿಡ್ರಿ ಅಂತು, ರೇಬೀಸ್ ಇದ್ದವು, ಸಂಶಯ ಇದ್ದವು, ಮೈಮ್ಯಾಲೆ ಏರಿ ಬರೋವು ಬಿಟ್ಟು. ನವೆಂಬರ್ 7ರ ಆದೇಶ ಶಾಲಿ, ಆಸ್ಪತ್ರಿ, ಕ್ರೀಡಾಂಗಣ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಒಳಗಿನ ನಾಯಿ ಒಯ್ದು ಶೆಲ್ಟರ್‌ನ್ಯಾಗ ಇಡ್ರಿ, ವಾಪಸ್ ಅಲ್ಲೇ ಬಿಡಬ್ಯಾಡ್ರಿ ಅಂತು. ಅಂದ್ರ ಬಸ್‌ಸ್ಟ್ಯಾಂಡ್ ಕಾಂಪೌಂಡ್ ಒಳಗಿನ ನಾಯಿಗೆ ಒಂದು ನ್ಯಾಯ, ಕಾಂಪೌಂಡ್ ಹಿಂದಿನ ಓಣಿ ನಾಯಿಗೆ ಇನ್ನೊಂದು ನ್ಯಾಯ. ಬುಕ್‌ನ್ಯಾಗ ಬರೇ "ಬಸ್‌ಸ್ಟ್ಯಾಂಡ್" ಅಂತ ಬರದ್ರ ಗೌರಿ ಜೀವನಪೂರ್ತಿ ತಗಡಿನ ಕೆಳಗ ಉಳಿಯಬಹುದಿತ್ತು. ಇದನ್ನ ಮೇಡಂಗೆ ಹೇಳಿದೆ, ಅವ್ರು ಅವತ್ತ ಬುಕ್ ಬದಲಿ ಮಾಡಸಿದ್ರು, ಈಗ ಊರು, ವಾರ್ಡ್, ಓಣಿ, ಹತ್ರದ ಅಂಗಡಿ ಇಲ್ಲಾ ಗುಡಿ, ಊಟ ಹಾಕೋರ ಫೋನ್ ನಂಬರ್ ಬರಕೋತಾರ. ನಾಯಿ ಕೊರಳಿಗೆ ನಂಬರಿನ ಪಟ್ಟಿನೂ ಬಂದೈತಿ. ಫೋಟೋ ಇನ್ನೂ ತೆಗೀತಿಲ್ಲ, ಎಲ್ಲಾರ ಕೈಯಾಗೂ ಮೊಬೈಲ್ ಐತಿ, ತೆಗೀಬೇಕು.

ಮತ್ತ ಈ ನವೆಂಬರ್ ಆದೇಶದಿಂದ ಗೂಡಿನ ಲೆಕ್ಕ ಪೂರ್ತಿ ಬದಲಾಗೈತಿ, ಸಭೆಗೆ ಹೋಗೋ ಮೆಂಬರ್‌ಗಳು ಇದನ್ನ ವಿಚಾರ ಮಾಡಬೇಕು. ಆಪರೇಷನ್‌ಗೆ ಬಂದ ನಾಯಿ ಐದಾರು ದಿನಕ್ಕ ಹೋಗತೈತಿ, ಒಂದು ಗೂಡು ತಿಂಗಳಿಗೆ ಐದು ನಾಯಿಗೆ ಆಗತೈತಿ. ಬಸ್‌ಸ್ಟ್ಯಾಂಡ್, ಶಾಲಿ ನಾಯಿ ಬಂದ್ರ ಹೋಗೂದ ಇಲ್ಲ, ಸಾಯೋ ತನಕ ಆ ಗೂಡು ಅದರ್ದ. ಈಗಿರೋ ಅರವತ್ತು ಗೂಡಿನಾಗ ನಾಕು ಊರಿನ ಶಾಲಿ ಆಸ್ಪತ್ರಿ ನಾಯಿ ತುಂಬಿದ್ರ ಆಪರೇಷನ್ ನಿಂತ ಹೋಗತೈತಿ, ಆಪರೇಷನ್ ನಿಂತ್ರ ಮತ್ತ ಮರಿ, ಮತ್ತ ಲಾರಿ ಗಾಲಿ. ಆದ್ದರಿಂದ ಉಳಿಯೋ ನಾಯಿಗೆ ಬ್ಯಾರೆ ಜಾಗ, ಬ್ಯಾರೆ ದುಡ್ಡು, ಮರದ ನೆರಳಿರೋ ಬಯಲು ಬೇಕು, ಗೂಡು ಅಲ್ಲ. ಗ್ರಾಮ ಪಂಚಾಯಿತಿ ಹತ್ರ ಗಾಯರಾಣ ಜಾಗ ಇರತೈತಿ, ದುಡ್ಡು ಇರೂದಿಲ್ಲ, ಪುರಸಭೆ ಹತ್ರ ದುಡ್ಡು ಸ್ವಲ್ಪ ಇರತೈತಿ, ಜಾಗ ಇರೂದಿಲ್ಲ. ಕೂಡಿದ್ರ ಇಬ್ಬರಿಗೂ ಉಪಯೋಗ ಆಗೂದು ಇಲ್ಲೆ. ನಾನು ನಾಕೂ ಊರು ಸೇರೂದರ ಪರ. ಆದ್ರ ನಾಕು ಊರಿಗೆ ಒಂದ ಫೋನ್ ನಂಬರ್ ಆಗಬೇಕು, ಪಟ್ಟಿ ಗಿಟ್ಟಿ ಬ್ಯಾಡ, ಯಾವ ದಂಡಿಯಿಂದ ಫೋನ್ ಬಂದ್ರೂ ಗಾಡಿ ಬರಬೇಕು, ದುಡ್ಡಿನ ಲೆಕ್ಕ ಆಮ್ಯಾಲೆ ಆಫೀಸಿನವರು ಮಾಡ್ಕೊಳ್ಳಿ. ಒಂದು ಊರು ಬಿಲ್ ಕೊಡೂದು ತಡ ಮಾಡ್ತು ಅಂತ ಆ ಊರಿನ ನಾಯಿ ಹಿಡಿಯೂದು ನಿಲ್ಲಸಬಾರದು, ಹೋದ ಡಿಸೆಂಬರ್‌ದಾಗ ಹಂಗ ಆಗಿತ್ತು ಅಂತ ಅಲ್ಲೇ ಕೇಳಿದೆ.

ನಾಯಿ ಕಡಿಸ್ಕೊಂಡವರ ಸಂಕಟ ನನಗ ಗೊತ್ತಿಲ್ಲ ಅಂತ ತಿಳೀಬ್ಯಾಡ್ರಿ. ನಮ್ಮ ಓಣಿದಾಗ ಮೂರನೇತ್ತೆ ಹುಡುಗಗ ಕಚ್ಚೈತಿ, ಅವರವ್ವ ಅರಿಶಿಣ ಸುಣ್ಣ ಹಚ್ಚಾಕ ಹೊಂಟಿದ್ಲು, ನಾನ ಕೈ ಹಿಡದು ನಳದ ಕೆಳಗ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳಿಸಿ ಸರ್ಕಾರಿ ಆಸ್ಪತ್ರಿಗೆ ಕರಕೊಂಡು ಹೋದೆ. ಒಂದು ಇಂಜೆಕ್ಷನ್ ಹಾಕಿಸಿ ಬಿಡಬ್ಯಾಡ್ರಿ, ಹೇಳಿದ ತಾರೀಖಿಗೆ ಎಲ್ಲಾ ಮುಗಸ್ರಿ, ರೇಬೀಸ್ ಲಕ್ಷಣ ಕಾಣಿಸ್ಕೊಂಡ ಮ್ಯಾಲೆ ಉಳಿಯೂದು ಇಲ್ಲವೇ ಇಲ್ಲ ಅಂದಂಗ. ಆ ಹುಡುಗನ ಸಲುವಾಗಿನೂ ಈ ಕೇಂದ್ರ ನಡೀಬೇಕು ಅಂತೀನಿ.

ಮಾರ್ಕ್ ಹಿಂಗ: ಹಿಡಿಯೂದು, ಆಪರೇಷನ್, ಸ್ವಚ್ಛತೆ, ಅಜ್ಜ, ಮೇಡಂ ಇವಕ್ಕೆಲ್ಲ ಐದಕ್ಕ ಐದು. ಫೋನು ಮತ್ತ ವಾಪಸ್ ಬಿಡೂದಕ್ಕ ಎರಡು. ಎರಡರ ಸರಾಸರಿ ಮೂರುವರೆ. ಫೋಟೋ ತೆಗಿಯಾಕ ಶುರು ಮಾಡಿ, ಒಂದ ನಂಬರ್ ಮಾಡಿದ ದಿನ ನಾಕುವರೆ ಮಾಡ್ತೀನಿ.

ಹೋಗೋರಿಗೆ: ಮುಂಜಾನಿ ಎಂಟರೊಳಗ ಇಲ್ಲಾ ಮಧ್ಯಾಹ್ನ ಮೂರರ ಮ್ಯಾಲೆ ಹೋಗ್ರಿ, ನಡುವ ಆಪರೇಷನ್ ನಡದಿರ್ತಾವ, ಯಾರೂ ಮಾತಾಡಾಕ ಸಿಗೂದಿಲ್ಲ. ನಿಮ್ಮ ನಾಯಿ ಒಯ್ಯೋ ಮುಂದ ನೀವ ಒಂದು ಫೋಟೋ ತಕ್ಕೊಳ್ರಿ, ಬುಕ್‌ನ್ಯಾಗ ಏನು ಬರದ್ರು ಓದಿಸಿ ಕೇಳ್ರಿ. ಹಳೇ ಗೋಣಿಚೀಲ, ಹರದ ಕೌದಿ ಇದ್ರ ಒಯ್ಯಿರಿ, ಅಜ್ಜ ಕೇಳ್ತಾನ, ಹೊಲಿಗಿ ಹಾಕಿದ ನಾಯಿ ಬರೇ ನೆಲದ ಮ್ಯಾಲೆ ಮಲಗಬಾರದಂತ.